ಶಕ್ತಿ ಸ್ಪೀಕರಿನದೋ, ಪೆಟ್ಟಿಗೆಯದೋ?

ನನ್ನ ಅಂಗಡಿಗೆ ಬರುವ ಹುಡುಗರು ಸ್ಪೀಕರಿನ ಮುಖ ನೋಡುವುದಿಲ್ಲ. ಮೊದಲು ಕವುಚಿ ಹಾಕಿ ಬೆನ್ನು ನೋಡುತ್ತಾರೆ. ಮ್ಯಾಗ್ನೆಟ್ಟಿಗೆ ಅಂಟಿಸಿದ ಚೀಟಿಯಲ್ಲಿ 600 ವಾಟ್ ಅಂತ ಇದ್ದರೆ ಮುಖ ಸಪ್ಪಗಾಗುತ್ತದೆ, 1200 ಅಂತ ಇದ್ದರೆ ಕಣ್ಣು ಅರಳುತ್ತದೆ. ಅದನ್ನು ಕೂರಿಸುವ ಬಾಕ್ಸ್ ಎಷ್ಟು ಲೀಟರಿನದ್ದು, ಪೋರ್ಟ್ ಎಷ್ಟು ಉದ್ದ, ಪ್ಲೈವುಡ್ ಎಷ್ಟು ದಪ್ಪ ಎಂದು ಕೇಳುವವರು ಅಪರೂಪ. ಅವರ ಲೆಕ್ಕದಲ್ಲಿ ಬಾಕ್ಸ್ ಅಂದರೆ ಸ್ಪೀಕರನ್ನು ಗಾಡಿಗೆ ಏರಿಸಲು ಬೇಕಾದ ಮರದ ಹೊದಿಕೆ, ಅಷ್ಟೇ. ತಾಕತ್ತು ಏನಿದ್ದರೂ ಒಳಗಿನ ಕಬ್ಬಿಣ ಮತ್ತು ತಾಮ್ರದ್ದು.

ಉಡುಪಿಯ ಸುತ್ತಮುತ್ತ ಮದುವೆ, ಮೆರವಣಿಗೆ, ಜಾತ್ರೆಗಳಿಗೆ ಸೌಂಡ್ಸ್ ಹಾಕುವವರಿಗೆ ಬಾಕ್ಸ್ ಕಟ್ಟಿಕೊಡುವುದು, ಸುಟ್ಟ ಸ್ಪೀಕರುಗಳನ್ನು ರೀಕೋನ್ ಮಾಡುವುದು ನನ್ನ ಕಸುಬು. ಐಟಿಐಗೆ ಸೇರುವ ಮೊದಲು ಸೋದರಮಾವನ ಎದುರು ಚಾಪೆಯಲ್ಲಿ ಕೂತು ತರ್ಕಸಂಗ್ರಹ ಓದಿದ್ದೂ ಉಂಟು. ಮಾವ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಹೇಳಿಕೊಟ್ಟು ನಿವೃತ್ತರಾದವರು. ಈಗ ಸಂಜೆ ಹೊತ್ತು ಅಂಗಡಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಅಂಟು ಒಣಗುವ ತನಕ ನನಗೂ ಕೆಲಸ ಇರುವುದಿಲ್ಲ, ಅವರಿಗೆ ಹೇಗೂ ಇಲ್ಲ. ಹೀಗಾಗಿ ಮ್ಯಾಗ್ನೆಟ್ಟಿನ ಚೀಟಿ ಶಾಸ್ತ್ರದ ಚರ್ಚೆಗೆ ಬಂತು. ಚೀಟಿಯಲ್ಲಿರುವ ಶಕ್ತಿ ಯಾರದು? ವಸ್ತುವಿನ ಒಳಗೇ ಕೂತಿರುವಂಥದ್ದೋ, ಅದು ಯಾರ ಜೊತೆ ಸೇರಿದೆ ಎಂಬುದರಿಂದ ಹುಟ್ಟುವಂಥದ್ದೋ?

ಇದು ಹಳೆಯ ಜಗಳ. ಬೆಂಕಿಗೆ ಅಂಗೈ ತಾಗಿದರೆ ಸುಡುತ್ತದೆ. ಬೆಂಕಿಯ ಬಳಿ ಒಂದು ಬಗೆಯ ಮಣಿ ಇಟ್ಟರೆ, ಅಥವಾ ಮಂತ್ರ ಹೇಳಿದರೆ ಸುಡುವುದಿಲ್ಲ ಎಂದು ಶಾಸ್ತ್ರಕಾರರು ಉದಾಹರಣೆ ಕೊಡುತ್ತಾರೆ. ಬೆಂಕಿ ಅದೇ, ಕೈ ಅದೇ, ತಾಗಿದ್ದೂ ಹೌದು, ಆದರೂ ಸುಡಲಿಲ್ಲ. ಹಾಗಾದರೆ ಬೆಂಕಿಯಲ್ಲಿ ಬೆಂಕಿಗಿಂತ ಬೇರೆಯಾದ 'ಶಕ್ತಿ' ಎಂಬುದೊಂದು ಇರಬೇಕು, ಮಣಿ ಕೆಡಿಸಿದ್ದು ಅದನ್ನು ಎಂದು ಮೀಮಾಂಸಕರ ವಾದ. ನೈಯಾಯಿಕರು ಒಪ್ಪುವುದಿಲ್ಲ. ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಈ ಶಕ್ತಿಯನ್ನು ಅಟ್ಟಿಸಿಕೊಂಡು ಹೋಗಿ ಖಂಡಿಸಿದ್ದಾರೆ. 17ನೇ ಶತಮಾನದ ಅನ್ನಂಭಟ್ಟರ ತರ್ಕಸಂಗ್ರಹದ ಏಳು ಪದಾರ್ಥಗಳಲ್ಲಿ ಶಕ್ತಿಗೆ ಜಾಗವಿಲ್ಲ. ಬೆಂಕಿ ಬೇಕು, ಜೊತೆಗೆ ಅಡ್ಡಿ ಇಲ್ಲದಿರುವುದೂ ಬೇಕು. ಅಡ್ಡಿಯ ಅಭಾವವನ್ನು ಕಾರಣಗಳ ಪಟ್ಟಿಗೆ ಸೇರಿಸಿದರೆ ಸಾಕು, ಕಣ್ಣಿಗೆ ಕಾಣದ ಇನ್ನೊಂದು ಪದಾರ್ಥವನ್ನು ಯಾಕೆ ಸಾಕಬೇಕು ಎಂಬುದು ಅವರ ಲೆಕ್ಕ.

ನಮ್ಮೂರಿನ ಸಿದ್ಧಾಂತ, ಅಂದರೆ ಮಧ್ವರ ದ್ವೈತ, ಹತ್ತು ಪದಾರ್ಥಗಳನ್ನು ಹೇಳುತ್ತದೆ. ಶಕ್ತಿ ಅದರಲ್ಲಿ ಒಂದು, ಮತ್ತು ಅದರಲ್ಲೂ ನಾಲ್ಕು ಬಗೆ. ಯಾವ ತರ್ಕಕ್ಕೂ ನಿಲುಕದ, ಭಗವಂತನಲ್ಲಿ ಮಾತ್ರ ಪೂರ್ಣವಾಗಿರುವ ಅಚಿಂತ್ಯ ಶಕ್ತಿ. ಬೆಂಕಿಗೆ ಸುಡುವುದು ಹೇಗೋ ಹಾಗೆ ಹುಟ್ಟಿನಿಂದಲೇ ಬಂದ ಸಹಜ ಶಕ್ತಿ. ಹೊರಗಿನಿಂದ ತಂದು ಇಟ್ಟ ಆಧೇಯ ಶಕ್ತಿ. ಪ್ರತಿಷ್ಠೆ ಮಾಡಿದ ಮೇಲೆ ಕಲ್ಲಿನ ವಿಗ್ರಹಕ್ಕೆ ಬರುವುದು ಇದೇ. ಮಾತಿಗೆ ಅರ್ಥ ಹೇಳುವ ಪದಶಕ್ತಿ. ಕೊನೆಯದಕ್ಕೂ ನನ್ನ ಅಂಗಡಿಗೂ ಸಂಬಂಧವಿಲ್ಲ. ನಡುವಿನ ಎರಡರ ಜೊತೆ ನಾನು ದಿನವೂ ಏಗುತ್ತೇನೆ.

ಸತ್ತು ಬರುವ ಸ್ಪೀಕರುಗಳಲ್ಲಿ ಎರಡು ಜಾತಿ. ಕೋನ್ ಕತ್ತರಿಸಿ ವಾಯ್ಸ್ ಕಾಯಿಲನ್ನು ಹೊರಗೆ ತೆಗೆದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಜಾತಿಯದ್ದಕ್ಕೆ ಮೂಗೇ ಸಾಕು. ವಾರ್ನಿಷ್ ಸುಟ್ಟ ಕಮಟು ವಾಸನೆ ಅಂಗಡಿ ತುಂಬುತ್ತದೆ. ತಂತಿ ಕಪ್ಪಾಗಿರುತ್ತದೆ, ಸುತ್ತು ಸಡಿಲಾಗಿ ಎಳೆ ಎಳೆಯಾಗಿ ಜಾರಿರುತ್ತದೆ. ಇನ್ನೊಂದು ಜಾತಿಯಲ್ಲಿ ತಾಮ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಆದರೆ ಕಾಯಿಲ್ ಸುತ್ತಿದ ಕೊಳವೆಯ ಕೆಳಅಂಚು ಹಿಂದಿನ ಕಬ್ಬಿಣದ ತಟ್ಟೆಗೆ ಬಡಿದು ಬಡಿದು ಒಳಕ್ಕೆ ಮಡಚಿಕೊಂಡಿರುತ್ತದೆ. ಕಾಯಿಲನ್ನು ನಟ್ಟನಡುವೆ ಹಿಡಿದಿಡುವ ಸ್ಪೈಡರ್ ಹರಿದಿರುತ್ತದೆ. ಮೊದಲನೆಯದು ಶಾಖದಿಂದ ಸತ್ತದ್ದು, ಎರಡನೆಯದು ಓಡಾಟ ಮಿತಿಮೀರಿ ಸತ್ತದ್ದು. ಎರಡೂ ಸ್ಪೀಕರುಗಳ ಬೆನ್ನ ಮೇಲಿನ ಸಂಖ್ಯೆ ಒಂದೇ ಇರಬಹುದು.

ಶಾಖದ ಮಿತಿ ನಿಜಕ್ಕೂ ಸ್ಪೀಕರಿನದ್ದೇ. 18 ಇಂಚಿನ ಒಳ್ಳೆಯ ಬೇಸ್ ಸ್ಪೀಕರಿಗೆ 100 ವಾಟ್ ಕೊಟ್ಟರೆ ಶಬ್ದವಾಗಿ ಹೊರಗೆ ಬರುವುದು 3 ವಾಟ್ ಆಸುಪಾಸು. ಮಿಕ್ಕದ್ದೆಲ್ಲ ಶಾಖ. ಅದು ಕಾಯಿಲಿನಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಗಾಳಿಗೆ ದಾಟಬೇಕು. ತಾಮ್ರ ಒಂದೊಂದು ಡಿಗ್ರಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಶೇ 0.39ರಷ್ಟು ಏರುತ್ತದೆ. 200 ಡಿಗ್ರಿಗೆ ಹೋದರೆ ಮುಕ್ಕಾಲು ಪಾಲಿನ ಹತ್ತಿರ ಹೆಚ್ಚಿ, ಆಂಪ್ಲಿಫಯರ್ ಎಷ್ಟು ನೂಕಿದರೂ ಸದ್ದು ಏಳುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಬೇಸ್ ಯಾಕೋ ಸತ್ತಹಾಗಾಯ್ತು ಎಂದು ಸೌಂಡ್ಸ್‌ನವರು ಹೇಳುವುದು ಇದನ್ನೇ. ಪೆಟ್ಟಿಗೆ ಈ ಮಿತಿಯನ್ನು ಹೆಚ್ಚಿಸಲಾರದು. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಒಳಗೇ ಉಳಿದು ಒಂದಿಷ್ಟು ತಗ್ಗಿಸಬಹುದು, ಅಷ್ಟೇ. ಮಾವನ ಭಾಷೆಯಲ್ಲಿ ಇದು ಸಹಜ.

ಚೀಟಿಯ ಸಂಖ್ಯೆ ಬಹುಮಟ್ಟಿಗೆ ಈ ಸಹಜವನ್ನು ಮಾತ್ರ ಹೇಳುತ್ತದೆ. ಎಇಎಸ್ ಎಂಬ ಆಡಿಯೋ ಎಂಜಿನಿಯರುಗಳ ಸಂಘ 1984ರಲ್ಲಿ ಗೊತ್ತುಮಾಡಿದ ಪರೀಕ್ಷೆಯಲ್ಲಿ ಬೇಸ್ ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ ಬಯಲಲ್ಲಿ ನಿಲ್ಲಿಸಿ, ಒಂದು ಗೊತ್ತಾದ ಸ್ವರಪಟ್ಟಿಯೊಳಗಿನ ಮೊರೆತದ ಸದ್ದನ್ನು 2 ಗಂಟೆ ಕೊಡುತ್ತಾರೆ. ಬದುಕಿ ಉಳಿದರೆ ಅಷ್ಟು ವಾಟ್. ಅದರ ಎರಡರಷ್ಟನ್ನು 'ಪ್ರೋಗ್ರಾಂ', ನಾಲ್ಕರಷ್ಟನ್ನು 'ಪೀಕ್' ಎಂದು ಚೀಟಿಯಲ್ಲಿ ಹಾಕುವ ರೂಢಿಯೂ ಇದೆ. ಹಾಗಾಗಿ ಹುಡುಗರ ಮುಖ ಸಪ್ಪಗಾಗಿಸಿದ 600, ಕಣ್ಣರಳಿಸಿದ 1200 ಒಂದೇ ಸ್ಪೀಕರಿನ ಎರಡು ಹೆಸರಾದರೂ ಆಶ್ಚರ್ಯವಿಲ್ಲ. ಇರಲಿ. ಬೇಸ್ ಸ್ಪೀಕರು ಬಯಲಲ್ಲಿ ಎಂದೂ ಹಾಡುವುದಿಲ್ಲ ಎಂಬುದು ನನಗೆ ಮುಖ್ಯ. ಹಾಡುವುದೇನಿದ್ದರೂ ಪೆಟ್ಟಿಗೆಯೊಳಗೆ ಕೂತ ಮೇಲೆ.

ಪೆಟ್ಟಿಗೆ ಮಾಡುವುದೇನು? ಒಂದು ಲೆಕ್ಕ ನೋಡಿ. 18 ಇಂಚಿನ ಕೋನಿನ ವಿಸ್ತಾರ ಸುಮಾರು 1200 ಚದರ ಸೆಂಟಿಮೀಟರ್. 100 ಲೀಟರಿನ, ಎಲ್ಲೂ ಸೋರದ ಪೆಟ್ಟಿಗೆಯಲ್ಲಿ ಅದು 1 ಸೆಂಟಿಮೀಟರ್ ಒಳಕ್ಕೆ ಹೋದರೆ 1.2 ಲೀಟರ್ ಗಾಳಿಯನ್ನು ಒತ್ತಿದಂತೆ. ಗಾಳಿ ತಿರುಗಿ ಒತ್ತುವ ಬಲ ಸುಮಾರು 20 ಕಿಲೋ ಭಾರದಷ್ಟು. ಕಣ್ಣಿಗೆ ಕಾಣದ ಗಾಳಿ ಪ್ರತಿ ಹೊಡೆತಕ್ಕೂ ಕೋನನ್ನು 20 ಕಿಲೋ ಬಲದಲ್ಲಿ ಹಿಂದಕ್ಕೆ ನೂಕುತ್ತದೆ. ಪೆಟ್ಟಿಗೆ 200 ಲೀಟರಿನದ್ದಾದರೆ 10 ಕಿಲೋ. ಬಯಲಲ್ಲಾದರೆ ಏನೂ ಇಲ್ಲ, ಸ್ಪೈಡರ್ ಮತ್ತು ಕೋನಿನ ಅಂಚಿನ ಸರೌಂಡು ಹಿಡಿದುಕೊಂಡಷ್ಟೇ.

ಇಲ್ಲಿ ಒಂದು ಮಾತು. ಅದ್ವೈತಿಗಳು ಘಟಾಕಾಶದ ಉದಾಹರಣೆ ಕೊಡುತ್ತಾರೆ; ಗೌಡಪಾದರ ಕಾರಿಕೆಯಲ್ಲೇ ಅದು ಬರುತ್ತದೆ. ಮಡಕೆಯೊಳಗಿನ ಆಕಾಶ ಬೇರೆ ಎಂದು ತೋರುವುದು ಮಡಕೆಯಿಂದ, ನಿಜದಲ್ಲಿ ಬೇರೆಯಲ್ಲ ಎಂದು. ಆಕಾಶಕ್ಕೆ ಅದು ಸರಿ ಇರಬಹುದು. ಗಾಳಿಯನ್ನು ಮುಚ್ಚಿದರೆ ಅದು ಬೇರೆಯೇ ಆಗುತ್ತದೆ, ಒತ್ತಿದರೆ ತಿರುಗಿ ಒತ್ತುತ್ತದೆ. ಕೈಯಲ್ಲಿ ಕೋನ್ ಒತ್ತಿ ನೋಡಿದ ಯಾರೂ ಪೆಟ್ಟಿಗೆಯೊಳಗಿನ ಗಾಳಿ ಹೊರಗಿನದ್ದರಂತೆಯೇ ಎಂದು ಹೇಳಲಾರರು.

ಗಾಳಿಯ ಈ ಬಲವನ್ನು ಸಿದ್ಧಾಂತವಾಗಿ ಹಿಡಿದವನು ಅಮೆರಿಕದ ಎಡ್ಗರ್ ವಿಲ್ಚರ್. 1954ರಲ್ಲಿ ಮೆಸಾಚುಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಶುರುಮಾಡಿ ಎಆರ್-1 ಎಂಬ ಸ್ಪೀಕರ್ ತಂದ. ಅಲ್ಲಿಯ ತನಕ ಒಳ್ಳೆಯ ಬೇಸ್ ಬೇಕಾದರೆ ದೊಡ್ಡ ಕಪಾಟಿನಷ್ಟು ಪೆಟ್ಟಿಗೆ ಬೇಕಿತ್ತು. ವಿಲ್ಚರ್ 12 ಇಂಚಿನ ಸ್ಪೀಕರಿನ ಹಿಡಿತವನ್ನು ಬೇಕೆಂದೇ ಸಡಿಲ ಮಾಡಿ, ಚಿಕ್ಕ ಪೆಟ್ಟಿಗೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಕೋನನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಗಾಳಿಗೇ ಬಿಟ್ಟ. ಆ ಸ್ಪೀಕರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಅದೇ ಸದ್ದು ಕೊಟ್ಟರೆ ಕಾಯಿಲ್ ಹಾರಿ ಬಡಿದುಕೊಳ್ಳುತ್ತದೆ. ಒಂಟಿಯಾಗಿ ಅಶಕ್ತವಾಗಿರಲೆಂದೇ ಮಾಡಿದ ವಸ್ತು ಅದು. ಅದರ ಶಕ್ತಿ ಎಷ್ಟು ಎಂದು ಪೆಟ್ಟಿಗೆಯ ಹೆಸರು ತೆಗೆಯದೆ ಕೇಳುವುದೇ ಸಾಧ್ಯವಿಲ್ಲ.

ಇನ್ನೂ ವಿಚಿತ್ರವಾದದ್ದು ನೆವಿಲ್ ಥೀಲ್ ಎಂಬ ಆಸ್ಟ್ರೇಲಿಯನ್ ಎಂಜಿನಿಯರ್ 1961ರಲ್ಲಿ ಬರೆದು, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕ. ಇವತ್ತಿಗೂ ಪ್ರತಿ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಅವರಿಬ್ಬರ ಹೆಸರಿನ ಅಂಕಿಗಳಿರುತ್ತವೆ. ಅದರಲ್ಲಿ ಒಂದು ವಿಎಎಸ್. ಸ್ಪೀಕರಿನ ಸ್ವಂತ ಹಿಡಿತ ಎಷ್ಟು ಬಿಗಿ ಎಂದು ಹೇಳುವ ಅಳತೆ ಅದು. ಆದರೆ ಅದನ್ನು ಹೇಳುವುದು ಲೀಟರಿನಲ್ಲಿ. ಅಂದರೆ ಈ ಸ್ಪೀಕರಿನ ಬಿಗುವು ಇಷ್ಟು ಲೀಟರ್ ಮುಚ್ಚಿದ ಗಾಳಿಯ ಬಿಗುವಿಗೆ ಸಮ ಎಂದು. ವಸ್ತುವಿನ ಸ್ವಭಾವವನ್ನೇ ಇನ್ನೂ ಕಟ್ಟದ ಪೆಟ್ಟಿಗೆಯ ಅಳತೆಯಲ್ಲಿ ಬರೆದಿಟ್ಟಿದ್ದಾರೆ. ಇದನ್ನು ವಿವರಿಸಿದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ವಾದಕ್ಕೆ ಇಳಿಯುತ್ತಾರೆ ಎಂಬುದಕ್ಕೆ ಅದು ಗುರುತು.

"ನೀನು ಶಕ್ತಿ ಶಕ್ತಿ ಅಂತ ಯಾಕೆ ಹೇಳ್ತಿ ಮಾರಾಯ?" ಎಂದರು. ಮಾವ ಸ್ವತಃ ಮಾಧ್ವರು. ಆದರೆ ವಾದಕ್ಕೆ ಕೂತಾಗ ನೈಯಾಯಿಕರ ಪಕ್ಷ ವಹಿಸುವುದೆಂದರೆ ಅವರಿಗೆ ಖುಷಿ. "ಸ್ಪೀಕರ್ ಒಂದು ಕಾರಣ. ಪೆಟ್ಟಿಗೆ ಅದಕ್ಕೆ ಸಹಕಾರಿ. ಎರಡೂ ಸೇರಿದಾಗ ಕಾರ್ಯ ಆಗ್ತದೆ. ನಡುವಲ್ಲಿ ಶಕ್ತಿ ಅಂತ ಇನ್ನೊಂದು ಯಾಕೆ ಬೇಕು?"

"ಮಾವ, ನಿಮ್ಮ ನೈಯಾಯಿಕರು ಅಡ್ಡಿ ಇಲ್ಲದಿದ್ದರೆ ಕಾರ್ಯ ಆಗ್ತದೆ ಅಂತಾರೆ. ಇಲ್ಲಿ ಅಡ್ಡಿ ಮಾಡುವುದೇ ಪೆಟ್ಟಿಗೆ. ಕೋನ್ ಹೋಗಬೇಕೆಂದ ಕಡೆಗೆ ಹೋಗದ ಹಾಗೆ ತಡೆಯುವುದು ಅದು. ಅಡ್ಡಿ ತೆಗೆದರೆ ಸ್ಪೀಕರ್ ಸಾಯ್ತದೆ. ಹಾಗಾದರೆ ಪೆಟ್ಟಿಗೆ ಪ್ರತಿಬಂಧಕವೋ ಸಹಕಾರಿಯೋ?"

"ಯಾವ ಕಾರ್ಯಕ್ಕೆ ಅಂತ ಕೇಳ್ಬೇಕು ಮಾಣಿ. ಕೋನ್ ಹಾರುವುದಕ್ಕೆ ಅಡ್ಡಿ, ಹಾಡುವುದಕ್ಕೆ ಸಹಕಾರಿ."

ಈ ಉತ್ತರಕ್ಕೆ ನಾನು ತಲೆಬಾಗಲೇಬೇಕು. ಶಕ್ತಿಯನ್ನು ಕಾರ್ಯದಿಂದಲೇ ಊಹಿಸಬೇಕು ಎಂಬುದನ್ನು ಅದನ್ನು ಒಪ್ಪುವವರೂ ಹೇಳುತ್ತಾರೆ. ಅದನ್ನು ಬೇರೆ ದಾರಿಯಲ್ಲಿ ಯಾರೂ ನೋಡಿಲ್ಲ. ಈ ಸೂತ್ರ ಹಿಡಿದು ನೋಡಿದರೆ ನಮ್ಮ ವ್ಯಾಪಾರದ ಒಂದು ದೊಡ್ಡ ಭ್ರಮೆ ಬಯಲಾಗುತ್ತದೆ.

ಚಿಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿ ಸ್ಪೀಕರ್ ಹೆಚ್ಚು ವಾಟ್ ತಾಳುತ್ತದೆ. ಇದು ನಿಜ, ಎಲ್ಲ ಪುಸ್ತಕಗಳಲ್ಲೂ ಇದೆ. 200 ಲೀಟರ್ ವಿಎಎಸ್ ಇರುವ ಸ್ಪೀಕರನ್ನು 200 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಒಟ್ಟು ಬಿಗುವು ಎರಡರಷ್ಟು. ಬಯಲಲ್ಲಿ 35 ಹರ್ಟ್ಸಿಗೆ ತಾನಾಗಿ ಕುಣಿಯುತ್ತಿದ್ದುದು ಈಗ 49ಕ್ಕೆ ಕುಣಿಯುತ್ತದೆ. ಅದಕ್ಕಿಂತ ತೀರಾ ಕೆಳಗಿನ ಸ್ವರಗಳಲ್ಲಿ ಅದೇ ವೋಲ್ಟೇಜಿಗೆ ಕೋನ್ ಓಡುವುದು ಅರ್ಧ ಮಾತ್ರ. ಓಡಾಟವನ್ನು ಮೊದಲಿನಷ್ಟಕ್ಕೆ ತರಬೇಕಾದರೆ ವೋಲ್ಟೇಜ್ ಎರಡರಷ್ಟು, ಅಂದರೆ ವಾಟ್ ನಾಲ್ಕರಷ್ಟು ಕೊಡಬೇಕು. ಬಯಲಲ್ಲಿ 100 ವಾಟಿಗೆ ಬಡಿದುಕೊಳ್ಳುತ್ತಿದ್ದುದು ಈಗ 400 ತಾಳುತ್ತದೆ. ಪೆಟ್ಟಿಗೆ ಕಟ್ಟುವವನು ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ಬಾಕ್ಸ್ ಮಾರಬಹುದು.

ಆದರೆ ಕೆಳಗಿನ ಸ್ವರಗಳಲ್ಲಿ ಸದ್ದು ಎಷ್ಟು ಎಂಬುದನ್ನು ಗೊತ್ತುಮಾಡುವುದು ಕೋನ್ ಎಷ್ಟು ಗಾಳಿ ನೂಕಿತು ಎಂಬುದು ಮಾತ್ರ. ಓಡಾಟ ಅಷ್ಟೇ ಆದರೆ ಸದ್ದೂ ಅಷ್ಟೇ. ನಾಲ್ಕರಷ್ಟು ವಾಟ್ ನುಂಗಿ ಮೊದಲಿನಷ್ಟೇ ಸದ್ದು ಮಾಡಿದ ಮೇಲೆ ಹೆಚ್ಚಾದದ್ದೇನು? ಕರೆಂಟು, ಜನರೇಟರಿನ ಡೀಸೆಲ್, ಕಾಯಿಲಿನ ಬಿಸಿ. ತಾಳಿಕೆ ಬೆಳೆಯಿತು, ಕಾರ್ಯ ಬೆಳೆಯಲಿಲ್ಲ. ಅಷ್ಟಕ್ಕೇ ಶಕ್ತಿ ಹೆಚ್ಚಾಯಿತು ಎಂದರೆ ನೈಯಾಯಿಕ, ಮೀಮಾಂಸಕ, ಮಾಧ್ವ ಮೂವರೂ ಒಟ್ಟಿಗೆ ನಗುತ್ತಾರೆ. ಕೋನ್ ಬಡಿದು ಸಾಯುವ ಬದಲು ಕಾಯಿಲ್ ಸುಟ್ಟು ಸಾಯುವ ದಾರಿಗೆ ಬಿತ್ತು ಎನ್ನಬಹುದು, ಹೆಚ್ಚೆಂದರೆ. ಚಿಕ್ಕ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ ಎಂದಲ್ಲ. ಕಾರಿನ ಡಿಕ್ಕಿಗೆ ಅದೇ ಬೇಕು, ಸ್ವರ ಬಿಗಿಯಾಗಿ ಬರುತ್ತದೆ, ಕುಡಿದವನ ಕೈಯಲ್ಲಿ ವಾಲ್ಯೂಮ್ ಇದ್ದರೂ ಒಂದಿಷ್ಟು ಹೊತ್ತು ಬದುಕುತ್ತದೆ. ಅದನ್ನು 'ಪವರ್' ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು.

ಪೋರ್ಟ್, ಅಂದರೆ ಗಾಳಿ ಓಡಾಡಲು ಬಿಟ್ಟ ಕಂಡಿ, ಇರುವ ಪೆಟ್ಟಿಗೆಯ ಕತೆ ಬೇರೆ. ಬೆಲ್ ಲ್ಯಾಬಿನ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ನಮ್ಮ ಕಡೆಯ ಡಿಜೆ ಬಾಕ್ಸುಗಳಲ್ಲಿ ಹೆಚ್ಚಿನವು ಅವೇ. ಪೋರ್ಟಿನಲ್ಲಿರುವ ಗಾಳಿಗೆ ತನ್ನದೇ ತೂಕ, ಒಳಗಿನ ಗಾಳಿಗೆ ತನ್ನದೇ ಬಿಗುವು. ಎರಡೂ ಸೇರಿ ಒಂದು ಸ್ವರಕ್ಕೆ, 40 ಹರ್ಟ್ಸ್ ಅಂದುಕೊಳ್ಳಿ, ಕುಣಿಯುತ್ತವೆ. ಆ ಸ್ವರ ಬಂದಾಗ ನೋಡಬೇಕು. ಎದೆಗೆ ಗುದ್ದಿದಂತೆ ಬೇಸ್ ಬರುತ್ತಿರುತ್ತದೆ, ಕೋನ್ ಮಾತ್ರ ನಿಂತುಬಿಟ್ಟಿದೆಯೋ ಎಂಬಷ್ಟು ಅಲ್ಲಾಡುವುದಿಲ್ಲ. ಹಾಡುವುದೆಲ್ಲ ಪೋರ್ಟ್. ಇಲ್ಲಿ ಪೆಟ್ಟಿಗೆ ನಿಜವಾಗಿ ಶಕ್ತಿ ಕೊಟ್ಟಿದೆ. ಕಡಿಮೆ ಓಡಾಟದಲ್ಲಿ ಹೆಚ್ಚು ಕಾರ್ಯ. ಸ್ಪೀಕರಿನಲ್ಲಿ ಇರಲಿಲ್ಲ, ಹೊರಗಿನಿಂದ ಬಂತು. ಇದಕ್ಕಿಂತ ಒಳ್ಳೆಯ ಆಧೇಯ ಶಕ್ತಿಯ ದೃಷ್ಟಾಂತ ಬೇಕಾ ಎಂದು ಮಾವನಿಗೆ ಆ ಕೋನಿನ ಮೇಲೆ ಬೆರಳಿಡಲು ಹೇಳಿ ತೋರಿಸಿದ್ದೇನೆ.

ಆದರೆ ಎರಡು ಕಡೆ ಅದರ ಬೆಲೆ ತೆರಬೇಕು. ಕೋನ್ ನಿಂತ ಆ ಸ್ವರದಲ್ಲೇ ಇಂಪಿಡೆನ್ಸ್ ತೀರಾ ಕೆಳಗಿಳಿದು ಕಾಯಿಲಿಗೆ ಕರೆಂಟು ಹೆಚ್ಚು ನುಗ್ಗುತ್ತದೆ. ಕೋನ್ ಓಡಾಡುತ್ತಿದ್ದರೆ ಕಾಯಿಲಿನ ಸುತ್ತ ಗಾಳಿ ಆಡಿ ತಂಪಾಗುತ್ತಿತ್ತು, ಈಗ ಅದೂ ಇಲ್ಲ. ಹೊರಗಿನಿಂದ ನೋಡಿದರೆ ಸ್ಪೀಕರ್ ಆರಾಮಾಗಿದೆ ಎನಿಸುವ ಹೊತ್ತಲ್ಲೇ ಒಳಗೆ ಬೇಯುತ್ತಿರುತ್ತದೆ. ಇನ್ನೊಂದು, 40ಕ್ಕಿಂತ ಕೆಳಗೆ ಇಳಿದರೆ ಪೆಟ್ಟಿಗೆ ಕೈಬಿಡುತ್ತದೆ. ಕೋನ್ ಮುಂದೆ ಹೋದಾಗ ಗಾಳಿ ಪೋರ್ಟಿನಿಂದ ಸುಮ್ಮನೆ ಒಳಗೆ ಬರುತ್ತದೆ, ಬಿಗುವೇ ಹುಟ್ಟುವುದಿಲ್ಲ. ಕೋನ್ ಬಯಲಲ್ಲಿ ಇದ್ದಂತೆಯೇ. ಈಗಿನ ಹಾಡುಗಳಲ್ಲಿ ಡ್ರಾಪ್ ಬರುವಾಗ 30ರ ಕೆಳಗಿನ ಸ್ವರ ಇರುತ್ತದೆ. ಅಂಥ ಸ್ವರಗಳನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಹಾಕದೆ ಕೊಟ್ಟರೆ 1200 ವಾಟಿನ ಸ್ಪೀಕರ್ 300ಕ್ಕೇ ಬಡಿದುಕೊಂಡು ಸತ್ತರೂ ಹೆಚ್ಚಲ್ಲ. ನನ್ನ ಮೇಜಿನ ಮೇಲೆ ಬರುವ, ತಾಮ್ರ ಹೊಳೆಯುವ ಹೆಣಗಳೆಲ್ಲ ಹೆಚ್ಚಾಗಿ ಈ ದಾರಿಯಲ್ಲಿ ಬಂದವು. ಚೀಟಿ ತೋರಿಸಿ "ಅಣ್ಣಾ, ಅಷ್ಟು ವಾಟ್ಸ್ ಕೊಡ್ಲೇ ಇಲ್ಲ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ಕರಾವಳಿಯಲ್ಲಿ ದೇವಸ್ಥಾನಗಳಿಗೆ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ, ವಿಗ್ರಹದ ಆಧೇಯ ಶಕ್ತಿಯನ್ನು ಮರಳಿ ತುಂಬಲೆಂದು, ಬ್ರಹ್ಮಕಲಶ ಆಗುತ್ತದೆ. ಸೌಂಡ್ಸ್ ಇಟ್ಟಲ್ಲಿ ರಿಪೇರಿಗೆಂದು ನಾನೂ ಹೋಗಿ ಕೂತಿರುತ್ತೇನೆ. ತಂತ್ರಿಗಳು ಕಲಶಗಳನ್ನು ಸಾಲಾಗಿ ಇಟ್ಟು ನ್ಯಾಸ ಮಾಡುವುದನ್ನು ಮೈಕಿನ ಹಿಂದಿನಿಂದ ನೋಡುತ್ತಾ, ಇಟ್ಟ ಶಕ್ತಿ ಅಲ್ಲೇ ಇರುವುದಾದರೆ ಮತ್ತೆ ಮತ್ತೆ ಯಾಕೆ ತುಂಬಬೇಕು ಎಂದು ಹಿಂದೆ ಮಾವನನ್ನು ಕೇಳಿದ್ದೆ. ಆಧೇಯ ಆದ್ದರಿಂದಲೇ, ಎಂದಿದ್ದರು. ಹುಟ್ಟಿನಿಂದ ಬಂದದ್ದಲ್ಲ, ಅನಾಚಾರ, ಲೋಪ, ಕಾಲದಿಂದ ಕ್ಷೀಣಿಸುತ್ತದೆ, ಕಾಯ್ದುಕೊಳ್ಳಬೇಕು. ನನ್ನ ಬಾಕ್ಸುಗಳೂ ಮರಳಿ ಬರುತ್ತವೆ. ಮಳೆಗಾಲದಲ್ಲಿ ಗೋಡೌನಿನ ತೇವಕ್ಕೆ ಪ್ಲೈವುಡ್ಡಿನ ಕೀಲು ಬಿಡುತ್ತದೆ, ಟರ್ಮಿನಲ್ಲಿನ ಹಿಂದಿನ ಗ್ಯಾಸ್ಕೆಟ್ ಕುಗ್ಗುತ್ತದೆ. ಕಣ್ಣಿಗೆ ಏನೂ ಕಾಣದು. ಆಗ ಬಾಕ್ಸಿಗೆ 30 ಹರ್ಟ್ಸಿನ ಸಣ್ಣ ಸದ್ದು ಕೊಟ್ಟು ಊದುಬತ್ತಿ ಹಚ್ಚಿ ಕೀಲುಗಳ ಉದ್ದಕ್ಕೂ ಹಿಡಿಯುತ್ತೇನೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಕಡೆ ನಡುಗುತ್ತದೆ. ಸೋರುವುದು ಅಲ್ಲೇ. ಅಲ್ಲಿ ಅಂಟು ತುಂಬಿ ಕ್ಲ್ಯಾಂಪ್ ಹಾಕಿ ಬಿಡುತ್ತೇನೆ.

ದೇವಸ್ಥಾನದ ಜೀರ್ಣೋದ್ಧಾರಕ್ಕೆ ಗರ್ಭಗುಡಿ ಬಿಚ್ಚುವಾಗ ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ, ಅಂದರೆ ತಾತ್ಕಾಲಿಕವಾಗಿ ಕಟ್ಟಿದ ಚಿಕ್ಕ ಗುಡಿಗೆ ಸಾಗಿಸುತ್ತಾರೆ. ಅಲ್ಲಿ ನಿತ್ಯಪೂಜೆ ನಡೆಯುತ್ತದೆ, ದೊಡ್ಡ ಉತ್ಸವಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಮಾವನ ಜೊತೆಗಿನ ವಾದದಲ್ಲಿ ಇದೇ ನನ್ನ ಕೊನೆಯ ಅಸ್ತ್ರವಾಗಿತ್ತು. ದೇವರು ಅದೇ, ಮಂತ್ರ ಅದೇ, ಮನೆ ಚಿಕ್ಕದಾದ ಕೂಡಲೇ ಉತ್ಸವ ಬೇಡ ಎಂದರೆ ಶಾಸ್ತ್ರವೂ ಪೆಟ್ಟಿಗೆಯ ಲೆಕ್ಕ ಹಾಕಿದೆ ಅಂತಲ್ಲವೇ ಎಂದೆ. ಮಾವ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ವಿಗ್ರಹದ್ದು ಆಧೇಯ, ಸರಿ. ವಿಗ್ರಹದೊಳಗೆ ಬಂದು ಕೂತವನದ್ದು ಅಚಿಂತ್ಯ. ನೀನು ಎರಡನ್ನೂ ಒಂದೇ ಕಾಗದದಲ್ಲಿ ಬರೀತಿ. ದೇವರಿಗೆ ವಿಎಎಸ್ ಇಲ್ಲ ಮಾರಾಯ."

"ವಿಗ್ರಹಕ್ಕೆ ಉಂಟಲ್ಲ ಮಾವ," ಎಂದೆ.

ಅದರ ಮೇಲೆ ಇನ್ನೂ ತೀರ್ಪಾಗಿಲ್ಲ. ವಿಗ್ರಹಕ್ಕೆ ಉಂಟು ಎಂದು ಒಪ್ಪಿದರೆ ಪ್ರತಿಷ್ಠೆಗೆ ಮೊದಲೇ ಕಲ್ಲಿನಲ್ಲಿ ಏನೋ ಸಹಜವಾದ ಯೋಗ್ಯತೆ ಇತ್ತು ಎಂದಾಗುತ್ತದೆ. ಇಲ್ಲ ಎಂದರೆ ಶಿಲ್ಪಿ ಕಲ್ಲು ಆರಿಸುವಾಗ ಉಳಿ ತಟ್ಟಿ ಅದರ ನಾದ ಕೇಳುವುದು ಯಾಕೆ ಎಂದು ನಾನು ಕೇಳುತ್ತೇನೆ. ಮಾವ ಯಾವುದೋ ಟಿಪ್ಪಣಿ ಗ್ರಂಥ ನೋಡಿಕೊಂಡು ಬರುತ್ತೇನೆ ಎಂದಿದ್ದಾರೆ.